ಕುಡಿತ ಬಿಟ್ಟವರು ಸಂಜೆ ಏಳಕ್ಕೆ ಎಲ್ಲಿಗೆ ಹೋಗಬೇಕು?

2025ರ ಮಾರ್ಚ್ ತಿಂಗಳ ವಿಧಾನಸಭೆ ಅಧಿವೇಶನ ನೆನಪಿರಬಹುದು. ಮೊದಲ ವಾರದಲ್ಲಿ ಬಂದ ಬಜೆಟ್, ಅಬಕಾರಿ ಇಲಾಖೆಗೆ 2025–26ರ ಸಾಲಿನಲ್ಲಿ 40,000 ಕೋಟಿ ರೂಪಾಯಿಯ ಗುರಿ ಹಾಕಿತು. ಎರಡು ವಾರ ಕಳೆಯುವುದರೊಳಗೆ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪ ಸದನದಲ್ಲಿ ಎದ್ದು, ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ಕೊಡುತ್ತೀರಿ, ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಜನ ಕುಡಿಯುವುದು ಕಡಿಮೆಯಾಗಲಿ ಎಂದೇ ನಾವು ನೋಡುತ್ತಿದ್ದೇವೆ ಎಂಬ ಅರ್ಥದ ಉತ್ತರ ಸಚಿವರಿಂದ ಬಂತು. ಸದನ ನಕ್ಕಿತು.

ಪತ್ರಿಕೆ ಓದಿದವರಿಗೆ ಮಾತ್ರ ಗೊಂದಲ. ಸರ್ಕಾರ ಕುಡಿಸುತ್ತಿದೆಯೋ, ಬಿಡಿಸುತ್ತಿದೆಯೋ? ಎರಡನ್ನೂ ಮಾಡುತ್ತಿದೆ. ಒಂದು ಇಲಾಖೆಗೆ ಮದ್ಯದ ಆದಾಯದ ಗುರಿ ಇದೆ. ಇನ್ನೊಂದು ಕಡೆ ಮದ್ಯಪಾನ ಸಂಯಮ ಮಂಡಳಿ ಅನ್ನುವುದೂ ಇದೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಸಾಗಿ ಅನ್ನುತ್ತದೆ, ಖಜಾನೆ ಬೇರೆ ದಾರಿ ತೋರಿಸುತ್ತದೆ. ಈ ಜಗಳ ಹಳೆಯದು, ಸದ್ಯಕ್ಕೆ ಮುಗಿಯುವಂಥದ್ದೂ ಅಲ್ಲ.

ಅದು ಮುಗಿಯುವ ತನಕ ಕಾಯಲಾಗದವರು ಇದ್ದಾರೆ. ಕಾರವಾರದಲ್ಲೋ, ಶಿರಸಿಯಲ್ಲೋ, ಹೊನ್ನಾವರದ ಹಳ್ಳಿಯಲ್ಲೋ ಇವತ್ತು ಬೆಳಿಗ್ಗೆ ‘ಸಾಕು’ ಅಂದುಕೊಂಡವರು. ಅವರ ಪ್ರಶ್ನೆ ಇಷ್ಟೇ: ಎಲ್ಲಿಗೆ ಹೋಗಬೇಕು? ಉತ್ತರ ಹುಡುಕಲು ಹೊರಟರೆ ಇನ್ನೊಂದು ಗೊಂದಲ ಎದುರಾಗುತ್ತದೆ.

ಒಂದೇ ಹೆಸರು, ನಾಲ್ಕು ಬೇರೆ ಕೆಲಸ

ನಾವು ‘ಕುಡಿತ ಬಿಡಿಸುವ ಜಾಗ’ ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತೇವೆ. ಆಸ್ಪತ್ರೆಯ ಮನೋರೋಗ ವಿಭಾಗ ಒಂದು. ತಿಂಗಳುಗಟ್ಟಲೆ ಇಟ್ಟುಕೊಳ್ಳುವ ವ್ಯಸನಮುಕ್ತಿ ಕೇಂದ್ರ ಇನ್ನೊಂದು. ಊರಿನ ಕಲ್ಯಾಣ ಮಂಟಪದಲ್ಲಿ ನಡೆಯುವ ಮದ್ಯವರ್ಜನ ಶಿಬಿರ ಮತ್ತೊಂದು. ನಾಲ್ಕನೆಯದು ಕುಡಿತ ಬಿಟ್ಟವರೇ ಸೇರಿ ವಾರಕ್ಕೊಮ್ಮೆ ಕೂರುವ ಸಭೆ. ಮೊದಲ ಮೂರಕ್ಕೆ ಬೋರ್ಡು, ಬ್ಯಾನರು ಇರುತ್ತದೆ. ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅದು ಕಣ್ಣಿಗೆ ಬೀಳುವುದೂ ಕಡಿಮೆ.

ಮೊದಲ ಮೂರು, ಕುಡಿತ ನಿಲ್ಲಿಸುವುದಕ್ಕೆ. ನಾಲ್ಕನೆಯದು, ನಿಂತದ್ದು ಮತ್ತೆ ಶುರುವಾಗದಂತೆ ನೋಡಿಕೊಳ್ಳುವುದಕ್ಕೆ. ಈ ಲೇಖನದ ವಾದವೂ ಇದೇ. ಉತ್ತರ ಕನ್ನಡದಲ್ಲಿ ನಿಲ್ಲಿಸುವುದಕ್ಕೆ ಹೇಗೋ ದಾರಿ ಸಿಗುತ್ತದೆ. ನಿಲ್ಲಿಸಿದ ಮೇಲೆ ಹೋಗಿ ಕೂರುವ ಜಾಗ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಸಿಗುವುದು ಕಷ್ಟ.

ಮೊದಲ ವಾರ ವೈದ್ಯರದ್ದು

ಸಭೆಯ ಮಾತಿಗೆ ಮುಂಚೆ ಒಂದು ಎಚ್ಚರಿಕೆ. ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಮದ್ಯದ ಮಂಪರಿಗೆ ಹೊಂದಿಕೊಂಡಿರುತ್ತದೆ. ಆ ಮಂಪರನ್ನು ಎದುರಿಸಲು ತಾನೇ ಒಳಗಿಂದ ವೇಗ ಹೆಚ್ಚಿಸಿಕೊಂಡಿರುತ್ತದೆ. ಒಮ್ಮೆಲೇ ಮದ್ಯ ನಿಂತರೆ ಆ ವೇಗಕ್ಕೆ ಬ್ರೇಕೇ ಇಲ್ಲ. ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡನೇ, ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು ಶುರುವಾದರೆ ಜೀವಕ್ಕೇ ಅಪಾಯ. ಮನೆಯವರು ಇದನ್ನು ಗಾಳಿ, ದೆವ್ವ ಅಂದುಕೊಂಡು ಬೇರೆ ಕಡೆ ಕರೆದುಕೊಂಡು ಹೋಗಿ ಹೊತ್ತು ಕಳೆಯುವುದುಂಟು.

2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ 25ರಿಂದ ಮೇ 3ರವರೆಗೆ 40 ದಿನ ಮದ್ಯದಂಗಡಿ ಮುಚ್ಚಿದ್ದವು. ಆಗ ದೇಶದ ಹಲವೆಡೆ ಆಸ್ಪತ್ರೆಗಳು ಕಂಡದ್ದು ಇದನ್ನೇ. ಹಾಗಾಗಿ ದಿನಾ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನುವವರು, ಹಿಂದೆ ಒಮ್ಮೆ ಫಿಟ್ಸ್ ಬಂದವರು ಸುಮ್ನೆ ಮನೆಯಲ್ಲೇ ಹಠ ಹಿಡಿದು ನಿಲ್ಲಿಸಬಾರದು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಯೋಜನೆ ರಾಜ್ಯದಲ್ಲಿದೆ. ಯಾವ ವಾರ ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋದರೆ ಒಳ್ಳೆಯದು. ಒಂದು ವಾರದ ಮಾತ್ರೆ, ಜೊತೆಗೆ ಬಿ1 ವಿಟಮಿನ್. ಹೆಚ್ಚಿನವರಿಗೆ ಈ ಘಟ್ಟ ಅಷ್ಟರಲ್ಲಿ ದಾಟುತ್ತದೆ.

ಗೋಡೆಗಳ ಮೇಲೆ ಇನ್ನೊಂದು ಜಾಹೀರಾತು ಕಾಣುತ್ತದಲ್ವಾ, ‘ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಅಂತ? ಅದರ ಹತ್ತಿರವೂ ಹೋಗಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ನಿಜಕ್ಕೂ ಇದೆ, ವೈದ್ಯರೂ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮದ್ಯ ಅರ್ಧಕ್ಕೇ ಕರಗಿ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯಬಹುದು. ತೆಗೆದುಕೊಳ್ಳುವವರಿಗೆ ಇದು ಗೊತ್ತಿದ್ದರೆ ಆ ಭಯವೇ ಬೇಲಿ. ಗೊತ್ತಿಲ್ಲದಿದ್ದರೆ ಅದು ಬರೀ ವಿಷಪ್ರಯೋಗ.

ಮಾಲೆ ಇಳಿದ ಮರುದಿನ

ಒಂದು ವಾರ ಕಳೆಯಿತು, ಮೈ ತಿಳಿಯಾಯಿತು. ಅಲ್ಲಿಗೆ ಮುಗಿಯಬೇಕಲ್ಲ? ಮುಗಿಯುವುದಿಲ್ಲ ಅನ್ನುವುದಕ್ಕೆ ನಮ್ಮ ನಡುವೆಯೇ ಪ್ರತಿ ವರ್ಷ ಒಂದು ಪುರಾವೆ ಸಿಗುತ್ತದೆ.

ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿ. ಹನ್ನೊಂದು ತಿಂಗಳು ಒಂದು ಸಂಜೆಯೂ ತಪ್ಪಿಸದವರು 41 ದಿನ ಹನಿ ಮುಟ್ಟುವುದಿಲ್ಲ. ಸ್ವಾಮಿಯ ಭಯ, ಭಕ್ತಿ ಅನ್ನುತ್ತೇವೆ. ಇರಬಹುದು. ಆದರೆ ಆ 41 ದಿನದ ದಿನಚರಿ ಗಮನಿಸಿ. ಬೆಳಗಿನ ಜಾವ ತಣ್ಣೀರು ಸ್ನಾನ. ಗುರುತಿಗೆ ಕಪ್ಪು ಬಟ್ಟೆ. ಕುಡಿತಕ್ಕೆ ಕರೆಯುತ್ತಿದ್ದ ಗೆಳೆಯರು ತಾವಾಗೇ ದೂರ. ಮುಖ್ಯವಾಗಿ, ಕತ್ತಲಾಗುವ ಹೊತ್ತಿಗೆ, ಅಂದರೆ ಮೊದಲು ವೈನ್‌ಶಾಪಿನ ಕಡೆ ಕಾಲು ಎಳೆಯುತ್ತಿದ್ದ ಅದೇ ಹೊತ್ತಿಗೆ, ಹತ್ತು ಹದಿನೈದು ಸ್ವಾಮಿಗಳ ಜೊತೆ ಭಜನೆ. ಗುಂಪಿನ ಮುಂದಾಳಾಗಿ ಹಿರಿಯ ಗುರುಸ್ವಾಮಿ ಒಬ್ಬರು.

ಅದು ಒಂದು ಸಭೆಯೇ. ಮಾಲೆ ಇಳಿದ ಮರುದಿನ ಗುಂಪು ಚದುರುತ್ತದೆ, ಸಂಜೆ ಮತ್ತೆ ಖಾಲಿಯಾಗುತ್ತದೆ. ಹಲವರು ಆ ಸಂಜೆಯೇ ಶುರು ಮಾಡುತ್ತಾರೆ. ಆಸೆ 41 ದಿನದಲ್ಲಿ ಸತ್ತಿರಲಿಲ್ಲ, ಅದು ಬರುವ ಹೊತ್ತಿನಲ್ಲಿ ಬೇರೆ ಕೆಲಸ ಇತ್ತು ಅಷ್ಟೇ. ವೈದ್ಯರು ಹೇಳುವುದೂ ಇದನ್ನೇ: ಬಿಟ್ಟವರು ಮತ್ತೆ ಜಾರುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ.

ಹೆಸರು ಕೇಳದ ಸಭೆ

ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ‘ಎಎ’, ಹುಟ್ಟಿದ ಕತೆಯೂ ಊರಲ್ಲೊಬ್ಬರನ್ನು ಹುಡುಕಿದ ಕತೆಯೇ. 1935ರ ಮೇ ತಿಂಗಳು. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರು. ನ್ಯೂಯಾರ್ಕಿನ ಷೇರು ದಲ್ಲಾಳಿ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೈತಪ್ಪಿತ್ತು. ಹೋಟೆಲಿನ ಬಾರು ಕಣ್ಣೆದುರಿಗೇ ಇತ್ತು. ಅವರು ಫೋನ್ ಹಿಡಿದು ಊರಿನ ಚರ್ಚುಗಳಿಗೆ ಒಂದೊಂದಾಗಿ ಕರೆ ಮಾಡಿದರು. ತನ್ನ ಹಾಗೆಯೇ ಕುಡಿತದಲ್ಲಿ ಸಿಕ್ಕಿಕೊಂಡ ಇನ್ನೊಬ್ಬರ ಜೊತೆ ಮಾತಾಡಬೇಕಿತ್ತು ಅವರಿಗೆ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕ. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎಯ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ಭಾರತಕ್ಕೆ ಅದು 1957ರಲ್ಲಿ ದೆಹಲಿಯ ಮೂಲಕ ಬಂತು.

ಅಲ್ಲಿ ನಡೆಯುವುದು ತೀರಾ ಸರಳ. ಒಂದು ಗಂಟೆ, ಒಂದೂವರೆ ಗಂಟೆ ಕೂರುತ್ತಾರೆ. ಒಬ್ಬೊಬ್ಬರೇ ತಮ್ಮ ಕತೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಫೀಸು ಇಲ್ಲ. ಹೊರಗಿನವರ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ, ಚಹಾ ಖರ್ಚಿಗೆ ಬಂದವರೇ ಇಷ್ಟವಿದ್ದಷ್ಟು ಹಾಕುತ್ತಾರೆ. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆ ಒಂದೇ. ಜೀವನಪರ್ಯಂತ ಬಿಡುತ್ತೇನೆ ಅಂತ ಯಾರೂ ಆಣೆ ಮಾಡಿಸುವುದಿಲ್ಲ, ಇವತ್ತು ಒಂದು ದಿನ ಸಾಕು ಅನ್ನುತ್ತಾರೆ. ಹೊಸಬರಿಗೆ ಹಳಬರೊಬ್ಬರು ‘ಸ್ಪಾನ್ಸರ್’ ಆಗಿ, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುತ್ತಾರೆ.

ಇದು ಕೆಲಸ ಮಾಡುತ್ತದೆಯೇ? ಬಹಳ ವರ್ಷ ‘ನಂಬಿದವರಿಗೆ ಮಾತ್ರ’ ಅನ್ನುವ ಅನುಮಾನ ಇತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿತು. ವೃತ್ತಿಪರರು ಕೈಹಿಡಿದು ಎಎ ಸಭೆಗೆ ಸೇರಿಸಿದವರಲ್ಲಿ, ಒಂದು ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟವರು ಶೇ 42. ಬೇರೆ ಮನೋಚಿಕಿತ್ಸೆ ಪಡೆದವರಲ್ಲಿ ಶೇ 35. ಅಂಥ ಪವಾಡವೇನಲ್ಲ. ನೂರಕ್ಕೆ ಐವತ್ತಕ್ಕಿಂತ ಜಾಸ್ತಿ ಜನ ಮತ್ತೆ ಕುಡಿದಿದ್ದಾರೆ. ಆದರೂ ಖರ್ಚೇ ಇಲ್ಲದ ಒಂದು ಕೋಣೆ, ಕಲಿತ ತಜ್ಞರ ಚಿಕಿತ್ಸೆಗಿಂತ ಹಿಂದೆ ಬೀಳಲಿಲ್ಲ.

ಹಾರ ಹಾಕುವ ಸಭೆ

ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಹೆಚ್ಚು ಪರಿಚಯವಿರುವುದು ಇನ್ನೊಂದು ದಾರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರ. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಳ್ಳುತ್ತಾರೆ. ಯೋಗ, ಭಜನೆ, ಉಪನ್ಯಾಸ, ಆರೋಗ್ಯ ತಪಾಸಣೆ. ಹೆಂಡತಿ ಮಕ್ಕಳನ್ನು ಕರೆಸುತ್ತಾರೆ. ಮುಗಿಯುವ ದಿನ ವೇದಿಕೆ, ಸ್ವಾಮೀಜಿ, ಶಾಸಕರು. ಆಮೇಲೆ ‘ನವಜೀವನ ಸಮಿತಿ’ ಎಂಬ ಗುಂಪು. ನೂರು ದಿನ ತುಂಬಿದರೆ ಶತದಿನೋತ್ಸವ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಹೆಸರನ್ನೇ ಮುಚ್ಚಿಡುತ್ತದೆ, ಇನ್ನೊಂದು ಮೈಕಿನಲ್ಲಿ ಕೂಗಿ ಹೇಳುತ್ತದೆ.

ಮೈಕಿನಲ್ಲಿ ಹೇಳುವುದಕ್ಕೆ ಅದರದೇ ಬಲ ಇದೆ. ಊರೆಲ್ಲ ನೋಡಿದೆ ಅನ್ನುವುದೇ ಕಾವಲು. ಅಂಗಡಿಯವರು ಕೊಡಲು ಹಿಂಜರಿಯುತ್ತಾರೆ. ನಿನ್ನೆ ತನಕ ‘ಕುಡುಕ’ ಅನಿಸಿಕೊಂಡವರಿಗೆ ಇವತ್ತು ಕುರ್ಚಿ ಸಿಗುತ್ತದೆ. ಮನೆಯವರು ತಲೆ ಎತ್ತಿ ನಡೆಯುತ್ತಾರೆ. ಈ ಮರ್ಯಾದೆಯನ್ನು ಕಡಿಮೆ ಬೆಲೆಗೆ ತೂಗಬಾರದು.

ಆದರೆ ಅರವತ್ತನೇ ದಿನ ಜಾರಿದರೆ? ಆಗ ಅದೇ ಬಲ ತಿರುಗಿ ಹೊಡೆಯುತ್ತದೆ. ಹಾರ ಹಾಕಿಸಿಕೊಂಡ ಫೋಟೊ ಮನೆಯ ಗೋಡೆಯ ಮೇಲಿದೆ. ದೇವರ ಹೆಸರಲ್ಲಿ ಮಾಡಿದ ಪ್ರತಿಜ್ಞೆ ಮುರಿದಿದೆ. ಸಮಿತಿಯ ಸಭೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಹೋಗುವುದಿಲ್ಲ. ನಾಚಿಕೆ ತಡೆಯಲು ಇನ್ನೂ ಜಾಸ್ತಿ ಕುಡಿಯುತ್ತಾರೆ. ಎಎ ಸಭೆಯಲ್ಲಿ ಜಾರಿದವರು ಬಂದು ‘ನಿನ್ನೆ ಕುಡಿದೆ, ಇವತ್ತು ನನ್ನ ಮೊದಲ ದಿನ’ ಅಂದರೆ ಚಪ್ಪಾಳೆ ತಟ್ಟುತ್ತಾರೆ. ಜಾರುವುದು ಈ ಕಾಯಿಲೆಯ ಗುಣ ಅಂತ ಒಪ್ಪಿಕೊಂಡ ಜಾಗಕ್ಕೆ ಜಾರಿದವರು ಮರಳಿ ಬರುತ್ತಾರೆ. ನವಜೀವನ ಸಮಿತಿಗಳೂ ಇಷ್ಟನ್ನು ಮಾಡಬಹುದು. ಜಾರಿದವರ ಮನೆಗೆ ಮರುದಿನವೇ ಇಬ್ಬರು ಹೋಗಿ, ಏನೂ ಕೇಳದೆ, ‘ಈ ವಾರ ಬಾ ಮಾರಾಯ’ ಅನ್ನುವ ಪದ್ಧತಿ ಇದ್ದರೆ ಅರ್ಧ ಕೆಲಸ ಆದಂತೆ.

ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ

ಹಾಗಾದರೆ ಪ್ರತಿ ತಾಲ್ಲೂಕಿನಲ್ಲೂ ಒಂದು ಎಎ ಸಭೆ ಇದ್ದರೆ ಆಯಿತಲ್ಲ? ಅಷ್ಟು ಸುಲಭವಿಲ್ಲ. ‘ಅನಾನಿಮಸ್’ ಅನ್ನುವುದು ದೊಡ್ಡ ಊರಿನ ಸೌಲಭ್ಯ. ಮುಂಬೈಯಲ್ಲಿ ಎರಡು ಸ್ಟೇಷನ್ ಆಚೆಯ ಸಭೆಗೆ ಹೋದರೆ ಗುರುತು ಹಿಡಿಯುವವರಿಲ್ಲ. ಸಿದ್ದಾಪುರದಲ್ಲಿ ಸಂಜೆ ಒಂದು ಕೋಣೆಗೆ ಹೊಕ್ಕರೆ ಒಳಗೆ ಕೂತವರಲ್ಲಿ ಒಬ್ಬರು ಮಗನ ಮೇಷ್ಟ್ರು, ಇನ್ನೊಬ್ಬರು ಸೊಸೈಟಿಯ ಕ್ಲರ್ಕು. ಹೊರಗೆ ಬೈಕ್ ನಿಲ್ಲಿಸಿದ್ದನ್ನು ನೋಡಿದವರು ನಾಲ್ಕು ಜನ.

ಇದಕ್ಕೆ ಕರಾವಳಿಯಲ್ಲಿ ಒಂದು ಉಪಾಯ ಇದೆ: ಪಕ್ಕದ ಊರಿಗೆ ಹೋಗುವುದು. ಅಂಕೋಲೆಯವರು ಕಾರವಾರಕ್ಕೆ, ಕುಮಟೆಯವರು ಹೊನ್ನಾವರಕ್ಕೆ. ಒಂದೇ ಹೆದ್ದಾರಿ, ಬಸ್ಸು ಇದೆ. ಕಾರವಾರದಲ್ಲಿ ಭಾನುವಾರ ಸಂತೆ, ಹೋಗಿಬರಲು ನೆಪಕ್ಕೂ ಕೊರತೆಯಿಲ್ಲ. ಘಟ್ಟದ ಮೇಲೆ ಹಾಗಿಲ್ಲ. ಕುಮಟಾ–ಶಿರಸಿ ನಡುವೆ ದೇವಿಮನೆ ಘಟ್ಟದ 60 ಕಿಲೋಮೀಟರು. ಶಿರಸಿಯಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಸುಮಾರು 120. ಶಿರಸಿಯಲ್ಲಿ ಸಂಜೆ ಏಳಕ್ಕೆ ಸಭೆ ಇಟ್ಟರೆ ಮುಗಿಯುವ ಹೊತ್ತಿಗೆ ಹಳ್ಳಿಯ ಕೊನೆಯ ಬಸ್ಸು ಹೋಗಿರುತ್ತದೆ. ಬಸ್ಸು ತಪ್ಪಿದವರು ಎಲ್ಲಿ ಕೂರುತ್ತಾರೆ ಅಂತ ಬೇರೆ ಹೇಳಬೇಕಿಲ್ಲ. ಜೋಯಿಡಾದಂಥ ಕಡೆ ಮೊಬೈಲಿನಲ್ಲಿ ಆನ್‌ಲೈನ್ ಸಭೆ ಸೇರೋಣ ಅಂದರೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕು. ಅಲ್ಲಿ ಗುಟ್ಟಿನ ಮಾತು ಆಡುವುದು ಹೇಗೆ?

ಮೀನುಗಾರರ ಲೆಕ್ಕ ಮತ್ತೊಂದು. ಆಳಸಮುದ್ರಕ್ಕೆ ಹೋದ ದೋಣಿ ವಾರಗಟ್ಟಲೆ ದಡಕ್ಕೆ ಬರುವುದಿಲ್ಲ, ‘ಪ್ರತಿ ಬುಧವಾರ ಬನ್ನಿ’ ಅಂದರೆ ಅವರಿಗೆ ಅರ್ಥವೇ ಇಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಅವರೆಲ್ಲ ಊರಲ್ಲೇ ಇರುತ್ತಾರೆ. ಬೈತಖೋಲ, ತದಡಿ, ಕಾಸರಕೋಡಿನಲ್ಲಿ ಬಿಡುವ ಕೆಲಸ ಶುರು ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪರೀಕ್ಷೆ ಆಗಸ್ಟಿನಲ್ಲಿ, ಕೈಗೆ ಮೊದಲ ದುಡ್ಡು ಬಂದ ದಿನ.

ಅಂಗಡಿ ಮುಚ್ಚಿಸಿದರೆ ಸಾಲದೇ?

ಹಳ್ಳಿಯ ಹೆಂಗಸರು ಕೇಳುವುದು ಇದನ್ನೇ. ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವುದನ್ನು ನಿಲ್ಲಿಸಿ ಅನ್ನುವ ಅವರ ಮಾತು ನ್ಯಾಯದ್ದು. ಕೈಗೆ ಹತ್ತಿರ ಇದ್ದಷ್ಟೂ ಜಾರುವುದು ಸುಲಭ. ಆದರೆ ಮುಚ್ಚಿದ ಮಾತ್ರಕ್ಕೆ ಚಟ ಹೋಗುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ‘ನೈಂಟಿ’ ಬಂತು. ಕಾರವಾರಕ್ಕಂತೂ ಮಾಜಾಳಿ ಗೇಟು ದಾಟಿದರೆ ಗೋವಾ, ತೆರಿಗೆ ಕಡಿಮೆ, ಬಾಟಲಿ ಅಗ್ಗ. ಇಲ್ಲಿ ದರ ಏರಿದಾಗಲೆಲ್ಲ ಅಲ್ಲಿಂದ ಕದ್ದು ತರುವವರಿಗೆ ಲಾಭ.

ಅದೇ ಗೋವಾದಿಂದ ಒಂದು ಪಾಠವನ್ನೂ ತರಬಹುದು. ಸಂಗಾತ್ ಎಂಬ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯರಿಗೇ ತರಬೇತಿ ಕೊಟ್ಟು, ಅತಿಯಾಗಿ ಕುಡಿಯುವ ಗಂಡಸರ ಜೊತೆ ನಾಲ್ಕು ಸಲದವರೆಗೆ ಮಾತಾಡಿಸಿತು. ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಹೊರಬಂದವರು ಶೇ 36, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 26. ಚಟ ತೀರಾ ಬಲಿತವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ, ಇದನ್ನು ಮರೆಯಬಾರದು. ಅಂದರೆ ಬಲಿಯುವ ಮುಂಚೆಯೇ ಹಿಡಿದರೆ ಊರಿನವರೇ ಸಾಕು. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಿಗೆ ಮನೋವೈದ್ಯರು ಬರುವ ತನಕ ಕಾಯಿರಿ ಅನ್ನಲಾದೀತೇ?

ಹುಡುಕುವುದು ಎಲ್ಲಿಂದ

ಮೊದಲ ಕರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416. ಪುಕ್ಕಟೆ, ಇಡೀ ದಿನ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಕೇಂದ್ರ ಸರ್ಕಾರದ ಸಹಾಯವಾಣಿ 14446. ಅಲ್ಲಿ ‘ಚಿಕಿತ್ಸೆ ಎಲ್ಲಿ’ ಅಂತಷ್ಟೇ ಕೇಳಬೇಡಿ. ‘ಚಿಕಿತ್ಸೆ ಆದ ಮೇಲೆ ವಾರಕ್ಕೊಮ್ಮೆ ಸೇರುವ ಗುಂಪು ಹತ್ತಿರ ಎಲ್ಲಿದೆ’ ಅಂತ ಬಾಯಿಬಿಟ್ಟು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರಿಗೆ, ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿಗೆ, ಹತ್ತಿರದ ಚರ್ಚಿಗೆ ಇದೇ ಪ್ರಶ್ನೆ. ಎಎಯ ಸಭೆಗಳು ಎಷ್ಟೋ ಕಡೆ ಚರ್ಚಿನ ಕೋಣೆಯಲ್ಲಿ ನಡೆಯುತ್ತವೆ, ಬರುವವರು ಮಾತ್ರ ಎಲ್ಲ ಜಾತಿ ಧರ್ಮದವರು. ಸಭೆಯ ಜಾಗ, ಹೊತ್ತು ಬದಲಾಗುತ್ತಿರುತ್ತದೆ. ಬಸ್ಸು ಹತ್ತುವ ಮುಂಚೆ ಒಮ್ಮೆ ಫೋನ್ ಮಾಡಿ.

ಸೇರಿಸಿಕೊಂಡು ಇಟ್ಟುಕೊಳ್ಳುವ ಕೇಂದ್ರಕ್ಕೆ ಕಳಿಸುವುದಾದರೆ ಒಂದು ಕಾಗದ ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಅದಕ್ಕೆ ನೋಂದಣಿ ಇರಬೇಕು. ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ‘ಮೂರು ತಿಂಗಳು ಮನೆಯವರು ಭೇಟಿಯಾಗುವಂತಿಲ್ಲ’ ಅಂದರೆ ಅಲ್ಲಿಂದ ವಾಪಸ್ ಬನ್ನಿ.

ಕುಡಿಯುವವರು ಒಪ್ಪದಿದ್ದರೆ ಮನೆಯವರೇ ಮೊದಲು ಹೋಗಬಹುದು. ಮನೆಯವರಿಗೆಂದೇ ಅಲ್-ಅನಾನ್ ಎಂಬ ಸಭೆ 1951ರಿಂದ ಇದೆ. ಸಾಲ ತೀರಿಸುವುದು, ‘ಜ್ವರ’ ಅಂತ ಸುಳ್ಳು ರಜೆ ಹೇಳುವುದು, ಬಾಟಲಿ ಬಚ್ಚಿಡುವುದು, ಇವೆಲ್ಲ ಹೇಗೆ ಕುಡಿತಕ್ಕೇ ಊರುಗೋಲಾಗುತ್ತವೆ ಅಂತ ಅಲ್ಲಿ ತಿಳಿಯುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಇರುವುದರಿಂದ, ಪಕ್ಕದ ಊರಿನ ಸಭೆಗೆ ಹೋಗುವುದು ಈ ಜಿಲ್ಲೆಯಲ್ಲಿ ಗಂಡಸರಿಗಿಂತ ಅವರಿಗೇ ಸಲೀಸು. ಸ್ವತಃ ಕುಡಿತಕ್ಕೆ ಸಿಕ್ಕ ಹೆಂಗಸರ ಪಾಡು ಮಾತ್ರ ಬೇರೆ. ಶಿಬಿರದ ಬ್ಯಾನರ್ ಮಾತಾಡುವುದು ಗಂಡಸರ ಜೊತೆ. ಈ ಹೆಂಗಸರಿಗೆ ಸದ್ಯಕ್ಕೆ ಫೋನೇ ಹತ್ತಿರದ ಬಾಗಿಲು.

ಗುಂಪೇ ಇಲ್ಲದಿದ್ದರೆ

ಎಎಯ ನಿಯಮದಂತೆ, ಕುಡಿತ ಬಿಡಬೇಕು ಅಂತ ಸೇರಿದ ಇಬ್ಬರು ಸಾಕು, ಅದು ಗುಂಪು. ಪರವಾನಗಿ ಬೇಡ, ಸರ್ಕಾರದ ಅನುದಾನ ಬೇಡ. ಬೇಕಾದದ್ದು ಒಂದು ಕೋಣೆ. ಶಿರಸಿ ಕಡೆ ಸಹಕಾರಿ ಸಂಘದ ಮೇಲಂತಸ್ತು, ಕರಾವಳಿಯಲ್ಲಿ ಪಂಚಾಯಿತಿ ಗ್ರಂಥಾಲಯ, ಆಸ್ಪತ್ರೆಯ ಹೊರರೋಗಿ ಕೊಠಡಿ, ಯಾವುದಾದರೂ ನಡೆಯುತ್ತದೆ. ಆಸ್ಪತ್ರೆಯದ್ದಾದರೆ ಇನ್ನೂ ಒಳ್ಳೆಯದು. ಅಲ್ಲಿಗೆ ಯಾಕೆ ಹೋದಿರಿ ಅಂತ ಯಾರೂ ಕೇಳುವುದಿಲ್ಲ, ಬಿಪಿ ತೋರಿಸಲು ಅನ್ನಬಹುದು. ಹೊತ್ತು ಸಂಜೆ ಐದೂವರೆ ಇರಲಿ, ಬಸ್ಸು ಸಿಗುತ್ತದೆ. ವಾರ, ಹೊತ್ತು ಒಮ್ಮೆ ಇಟ್ಟರೆ ಬದಲಿಸಬಾರದು. ಮೊದಲ ಕೆಲವು ವಾರ ಒಬ್ಬರೂ ಬರದಿರಬಹುದು. ಆಗಲೂ ಬೀಗ ತೆಗೆದವರು ಪೂರ್ತಿ ಒಂದು ಗಂಟೆ ಕೂತಿದ್ದು, ಆಮೇಲೆ ಬೀಗ ಹಾಕಬೇಕು. ಬರಬೇಕೆಂದಿರುವವರು ಎರಡು ಮೂರು ವಾರ ಎದುರಿನ ರಸ್ತೆಯಿಂದ ನೋಡಿಕೊಂಡೇ ಹೋಗುತ್ತಿರುತ್ತಾರೆ.